ಎಡಕ್ಕೆ ವಾಲಿದಾಗ

ಘತ್ತರಗಿ ಇನ್ನೇನು ಮೂರು ಕಿಲೋಮೀಟರು ಇದೆ ಅನ್ನುವಾಗ ಒಂದು ಎಡ ತಿರುವು ಬರುತ್ತದೆ. ಹೇಳಿಕೊಳ್ಳುವಂಥದ್ದಲ್ಲ. ಅಫಜಲಪುರ ತಾಲ್ಲೂಕಿನಲ್ಲಿ ಘಾಟಿ ರಸ್ತೆಗಳಿಲ್ಲ. ಎರಿ ಭೂಮಿಯ ಚಪ್ಪಟೆ ನೆಲದಲ್ಲಿ ರಸ್ತೆ ಯಾರದೋ ಹೊಲದ ಬದು ಹಿಡಿದು ನೆಟ್ಟಗೆ ಹೋಗುತ್ತದೆ, ಬದು ತಿರುಗಿದಲ್ಲಿ ತಾನೂ ತಿರುಗುತ್ತದೆ. ಬಹಳ ಹೊತ್ತು ನೇರ ಬಂದವನಿಗೆ ಇಂಥ ತಿರುವೇ ಅಪಾಯ. ಅಷ್ಟರಲ್ಲಿ ಕೈಗೆ ವೇಗ ರೂಢಿಯಾಗಿಬಿಟ್ಟಿರುತ್ತದೆ. 2011ರ ಒಂದು ಅಮಾವಾಸ್ಯೆಯ ಬೆಳಿಗ್ಗೆ ಆ ತಿರುವಿಗೆ ಬಂದಾಗ ನನ್ನ ಗಾಡಿಯ ಮೇಲೆ ಹಿಂದೆ ಅವ್ವ ಕೂತಿದ್ದಳು.

ಘತ್ತರಗಿಯ ಭಾಗ್ಯವಂತಿ ದೇವಿ ನಮ್ಮ ಕಡೆಯವರ ಬಾಯಲ್ಲಿ ಭಾಗಮ್ಮ. ಅಮಾವಾಸ್ಯೆ ಬಂತೆಂದರೆ ಭೀಮಾ ನದಿಯ ದಂಡೆಯ ಆ ಊರಿಗೆ ಬೈಕು, ಟಂಟಂ, ಟ್ರ್ಯಾಕ್ಟರು ಎಲ್ಲವೂ ಹೊರಡುತ್ತವೆ. ಅವ್ವ ನಮ್ಮ ಹೆಂಗಸರು ಕೂರುವ ಹಾಗೆ ಒಂದೇ ಬದಿಗೆ, ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂತಿದ್ದಳು. ಪಾದಗಳು ಸೀರೆ ಗಾರ್ಡಿನ ಕೆಳಗೆ ಜೋಡಿಸಿದ ಕಬ್ಬಿಣದ ಪಟ್ಟಿಯ ಮೇಲಿದ್ದವು. ಒಂದು ಕೈ ನನ್ನ ಹೆಗಲ ಮೇಲೆ. ಇನ್ನೊಂದು ಕೈಯಿಂದ ತೊಡೆಯ ಮೇಲಿನ ಚೀಲ ಹಿಡಿದಿದ್ದಳು, ಅದರಲ್ಲಿ ಕಾಯಿ, ಕರ್ಪೂರ, ನೈವೇದ್ಯದ ಬುತ್ತಿ.

ತಿರುವಿನ ನಡುವೆ ಕರ್ರೆಂದು ಸದ್ದಾಯಿತು. ಗಾಡಿಯ ಹಿಂಭಾಗ ಒಂದು ಕ್ಷಣ ಬಲಕ್ಕೆ ಜಾರಿ, ಮತ್ತೆ ನೆಲ ಹಿಡಿಯಿತು. ಬೀಳಲಿಲ್ಲ. ಐವತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲಿಸಿ ನೋಡಿದರೆ ಅವ್ವನ ಒಂದು ಚಪ್ಪಲಿ ಇರಲಿಲ್ಲ. ಹೆಬ್ಬೆರಳಿನ ಉಗುರು ಕಿತ್ತಿತ್ತು, ಪಕ್ಕದ ಎರಡು ಬೆರಳಿನ ಚರ್ಮ ಸುಲಿದಿತ್ತು. ಅವಳು ಕಾಲು ನೋಡಿಕೊಳ್ಳುವ ಮೊದಲು ನನ್ನ ಮುಖ ನೋಡಿದಳು. "ನಾನೇ ಅಂಜಿ ಹಿಂದಕ ಸರದ್ನಪಾ. ಅದಕ ಗಾಡಿ ಹೊಯ್ದಾಡ್ತು. ನಿಂದೇನ್ ತಪ್ಪ್ ಅದ?" ಅಂದಳು. ಸೆರಗಿನ ತುದಿ ಹರಿದು ಕಟ್ಟಿಕೊಂಡು, ಬರಿಗಾಲಲ್ಲಿ ಕುಂಟುತ್ತಲೇ ಗುಡಿ ಸುತ್ತಿದಳು. ಮನೆಗೆ ಬಂದ ಮೇಲೆ ಸೋದರಮಾವ ಅಂದ, "ಹೆಂಗಸರಿಗಿ ಗಾಡಿ ಮ್ಯಾಲ ಕೂಡ್ಲಿಕ್ಕಿ ಬರಂಗಿಲ್ಲ. ತಿರುವಿನ್ಯಾಗ ಉಲ್ಟಾ ವಾಲ್ತಾರ." ನಾನು ಹೌದೆಂದೆ. ಮೂರು ವರ್ಷ ಹೌದೆಂದೇ ನಂಬಿದ್ದೆ. ನಂಬಿಕೊಳ್ಳಲು ಅದು ಅನುಕೂಲವಾಗಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವವನು. ವೃತ್ತಾಕಾರದ ಚಲನೆ, ಕೇಂದ್ರಾಭಿಮುಖ ಬಲ, ತಿರುವಿನಲ್ಲಿ ಸೈಕಲ್ಲಿನವ ಯಾಕೆ ವಾಲುತ್ತಾನೆ ಎಂಬುದನ್ನೆಲ್ಲ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ, ಅಳಿಸುತ್ತೇನೆ.

ಮೂರು ವರ್ಷದ ನಂತರ ಆ ಗಾಡಿ ಮಾರಲು ಹೊರಟಾಗ ಅಫಜಲಪುರದ ಒಬ್ಬ ಮೆಕ್ಯಾನಿಕ್ ಅದನ್ನು ಸುತ್ತಿ ನೋಡಿದ. ಎಡಗಡೆ ಕುಕ್ಕರುಗಾಲಲ್ಲಿ ಕೂತು ಆ ಕಬ್ಬಿಣದ ಪಟ್ಟಿಯ ಅಂಚಿಗೆ ಬೆರಳು ಸವರಿದ. ಅಂಚು ಓರೆಯಾಗಿ ಸವೆದಿತ್ತು. "ಇದು ಕಲ್ಲಿಗಿ ಬಡದದ್ದಲ್ಲ ಸರ, ತಿರುವಿನ್ಯಾಗ ನೆಲಕ್ಕ ಉಜ್ಜಿದ್ದು. ಹಿಂದ ಯಾರರೆ ಕೂತಿದ್ರೇನು?" ಆಮೇಲೆ ಹಿಂದಿನ ಶಾಕ್ ಅಬ್ಸಾರ್ಬರ್ ತೋರಿಸಿದ. ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಒಂದು ಬಳೆ ಇರುತ್ತದೆ. ಅದನ್ನು ತಿರುಗಿಸಿ ಸ್ಪ್ರಿಂಗನ್ನು ಬಿಗಿ ಮಾಡಬಹುದು, ಸಡಿಲ ಮಾಡಬಹುದು. ನನ್ನ ಗಾಡಿಯ ಬಳೆ ಎಲ್ಲಕ್ಕಿಂತ ಸಡಿಲವಾದ ಮೆಟ್ಟಿಲಲ್ಲಿತ್ತು. ಒಬ್ಬನೇ ಓಡಾಡುವಾಗ ನನ್ನ ಬೆನ್ನಿಗೆ ಅದು ಹಿತ ಎಂದು ಕೊಂಡ ದಿನದಿಂದ ಹಾಗೇ ಬಿಟ್ಟಿದ್ದೆ.

ಅವನು ಒಂದು ಪ್ರಯೋಗವನ್ನೇ ಮಾಡಿದ. ಮೊದಲು ಖಾಲಿ ಗಾಡಿಯನ್ನು ಎಡಕ್ಕೆ ವಾಲಿಸಿ ಹಿಡಿದ. ಪಟ್ಟಿ ನೆಲಕ್ಕೆ ತಾಗಲು ಇನ್ನೂ ಜಾಗ ಇತ್ತು. ಆಮೇಲೆ ಗ್ಯಾರೇಜಿನ ಇಬ್ಬರು ಹುಡುಗರನ್ನು ಮೇಲೆ ಕೂರಿಸಿ, ಇನ್ನಿಬ್ಬರಿಗೆ ಹಿಡಿಸಿ, ಅಷ್ಟೇ ವಾಲಿಸಿದ. ಪಟ್ಟಿ ನೆಲದ ಮೇಲಿತ್ತು.

ನಮ್ಮ ಕಡೆ ಓಡುವ ನೂರು ಸಿಸಿ ಗಾಡಿಗಳ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದು ಸುಮಾರು 160 ಮಿಲಿಮೀಟರು, ಒಂದು ಗೇಣಿಗೂ ಕಡಿಮೆ. ಹಿಂದೆ ಒಬ್ಬರು ಕೂತರೆ ಅದರಲ್ಲೂ ಎರಡು ಮೂರು ಬೆರಳಿನಷ್ಟು ಹೋಗುತ್ತದೆ. ಆ ತಿರುವನ್ನು ಆಮೇಲೆ ನಾನು ಹೆಜ್ಜೆ ಹಾಕಿ ಅಳೆದೆ. ಅದರ ತ್ರಿಜ್ಯ ಮೂವತ್ತು ಮೀಟರಿನ ಆಸುಪಾಸು. ಅಂಥ ತಿರುವಿನಲ್ಲಿ ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಹೋದರೆ ಗಾಡಿ ಸುಮಾರು 23 ಡಿಗ್ರಿ ವಾಲಬೇಕು. 50ರಲ್ಲಿ ಹೋದರೆ 33 ಡಿಗ್ರಿ. ವೇಗ ಕಾಲು ಪಾಲು ಏರಿದರೆ ವಾಲಿಕೆ ಹೆಚ್ಚು ಕಡಿಮೆ ಒಂದೂವರೆ ಪಟ್ಟಾಗುತ್ತದೆ. ಜೊತೆಗೆ 33 ಡಿಗ್ರಿ ವಾಲಿದ ಗಾಡಿಯ ಸ್ಪ್ರಿಂಗಿನ ಮೇಲೆ ನೇರ ನಿಂತಾಗಿನದಕ್ಕಿಂತ ಐದನೇ ಒಂದು ಪಾಲು ಹೆಚ್ಚು ಭಾರ ಬೀಳುತ್ತದೆ, ಅಂದರೆ ಅದು ಇನ್ನೂ ಕುಸಿಯುತ್ತದೆ. ಆ ದಿನ ನಾನು 50ರಲ್ಲಿದ್ದೆ. ಇನ್ನೂ ಸ್ವಲ್ಪ ಹೆಚ್ಚೇ ಇರಬಹುದು.

ಈ ಲೆಕ್ಕದಲ್ಲಿ ನನ್ನನ್ನು ಕಾಡುವುದು ಬೇರೆ ಒಂದು ಸಂಗತಿ. ಎಷ್ಟು ವಾಲಬೇಕು ಎಂಬುದಕ್ಕೂ ಗಾಡಿಯ ಮೇಲೆ ಎಷ್ಟು ಭಾರ ಇದೆ ಎಂಬುದಕ್ಕೂ ಸಂಬಂಧವೇ ಇಲ್ಲ. ಸೂತ್ರದಲ್ಲಿ ಭಾರ ಹೊಡೆದುಹೋಗುತ್ತದೆ, ವೇಗ ಮತ್ತು ತಿರುವು ಮಾತ್ರ ಉಳಿಯುತ್ತವೆ. ಒಬ್ಬನಿದ್ದರೂ ಅಷ್ಟೇ ವಾಲಬೇಕು, ಇಬ್ಬರಿದ್ದರೂ ಅಷ್ಟೇ. ಆದ್ದರಿಂದ ನಡೆಸುವವನ ಕೈಗೆ ವ್ಯತ್ಯಾಸ ತಿಳಿಯುವುದಿಲ್ಲ. ದಿನಾ ಒಬ್ಬನೇ ಹೋಗುವ ತಿರುವು ಇವತ್ತೂ ಹಾಗೇ ಕಾಣುತ್ತದೆ. ಬದಲಾಗಿರುವುದು ಕೆಳಗೆ, ಅವನ ಕಣ್ಣಿಗೆ ಬೀಳದ ಕಡೆ, ಗಾಡಿಗೂ ನೆಲಕ್ಕೂ ನಡುವಿನ ಜಾಗದಲ್ಲಿ. ಆ ಜಾಗ ತಾಗದೆ ಉಳಿಯುವಷ್ಟೂ ಹೊತ್ತು ಅದು ಕಡಿಮೆಯಾಗಿದೆ ಎಂದು ಯಾರೂ ಹೇಳುವುದಿಲ್ಲ.

ಒಬ್ಬನೇ ಇದ್ದಾಗ ಆ ಜಾಗ ನನ್ನದು. ಪಟ್ಟಿ ಉಜ್ಜಿದರೆ ನನ್ನ ಪಟ್ಟಿ, ಮೊಣಕಾಲು ಒಡೆದರೆ ನನ್ನ ಮೊಣಕಾಲು. ಹಾಗಂತ ಒಬ್ಬನೇ ಇದ್ದಾಗ ಹೇಗಾದರೂ ಹೋಗಬಹುದು ಅನ್ನುತ್ತಿಲ್ಲ. ಎದುರಿಗೆ ಬರುವವರಿದ್ದಾರೆ, ಮನೆಯಲ್ಲಿ ಕಾಯುವವರಿದ್ದಾರೆ. ಆದರೂ ತನ್ನ ಅಪಾಯವನ್ನು ತಾನೇ ತೂಗಿ ನೋಡುವವನ ಮಾತಿಗೆ ಒಂದು ಮಟ್ಟದ ಬೆಲೆ ಇದೆ. ಹಿಂದೆ ಒಬ್ಬರು ಕೂತ ಗಳಿಗೆಯಲ್ಲಿ ಉಳಿದಿರುವ ಜಾಗ ಕಡಿಮೆ, ಮತ್ತು ಆ ಉಳಿದದ್ದೂ ನನ್ನದಲ್ಲ. ಅದನ್ನು ಖರ್ಚು ಮಾಡುವ ಕೈ ಮಾತ್ರ ನನ್ನದು.

ಅವ್ವ ಒಪ್ಪಿಯೇ ಕೂತಿದ್ದಳಲ್ಲ ಅನ್ನಬಹುದು. ಯಾವುದಕ್ಕೆ ಒಪ್ಪಿದ್ದಳು? ಘತ್ತರಗಿಗೆ ಹೋಗುವುದಕ್ಕೆ ಒಪ್ಪಿದ್ದಳು, ಮಗ ಕರೆದೊಯ್ಯುತ್ತಾನೆ ಎಂಬುದಕ್ಕೆ ಒಪ್ಪಿದ್ದಳು. ಆ ತಿರುವನ್ನು ಆ ವೇಗದಲ್ಲಿ ತೆಗೆದುಕೊಳ್ಳುವುದಕ್ಕೆ ಅವಳ ಒಪ್ಪಿಗೆ ಕೇಳಿದವರು ಯಾರು? ಹಿಂದೆ ಕೂತವರಿಗೆ ಮುಂದಿನ ದಾರಿ ಕಾಣುವುದಿಲ್ಲ, ನಡೆಸುವವನ ಬೆನ್ನು ಕಾಣುತ್ತದೆ. ಮೀಟರು ಕಾಣುವುದಿಲ್ಲ. ಬ್ರೇಕು ಅವರ ಕೈಯಲ್ಲಿಲ್ಲ. ಅವರು ಮನುಷ್ಯನನ್ನು ನಂಬಿ ಕೂರುತ್ತಾರೆ, ತಿರುವು ತಿರುವಿಗೂ ಒಪ್ಪಿಗೆ ಕೊಡುವ ಅವಕಾಶ ಅವರಿಗಿಲ್ಲ. ಹಾಗೆ ಒಟ್ಟಾಗಿ ಕೊಟ್ಟ ನಂಬಿಕೆಯನ್ನು ನಾವು ಚಿಲ್ಲರೆಯಾಗಿ, ಒಂದೊಂದು ತಿರುವಿನಲ್ಲಿ ಸ್ವಲ್ಪ ಸ್ವಲ್ಪ, ಅವರಿಗೆ ಗೊತ್ತಾಗದಂತೆ ಖರ್ಚು ಮಾಡುತ್ತಿರುತ್ತೇವೆ.

ಇನ್ನು ಉಲ್ಟಾ ವಾಲುವ ಮಾತು. ಮಾವ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಹಿಂದೆ ಕೂತವರು ತಿರುವಿನ ಹೊರಕ್ಕೆ ವಾಲಿದರೆ, ಇಬ್ಬರ ಒಟ್ಟು ತೂಕವನ್ನು ಸರಿದೂಗಿಸಲು ಗಾಡಿ ಇನ್ನೂ ಹೆಚ್ಚು ಒಳಕ್ಕೆ ವಾಲಬೇಕಾಗುತ್ತದೆ. ನೆಲ ಇನ್ನೂ ಹತ್ತಿರವಾಗುತ್ತದೆ. ಆದ್ದರಿಂದ ಹಿಂದೆ ಕೂತವರು ನಡೆಸುವವನ ಬೆನ್ನಿಗೆ ಬೆನ್ನಾಗಿ, ಅವನು ವಾಲಿದ ಕಡೆಗೇ ವಾಲಬೇಕು ಎಂದು ಗಾಡಿ ಬಲ್ಲವರು ಹೇಳುತ್ತಾರೆ. ಸರಿಯಾದ ಮಾತು. ಆದರೆ ಒಂದು ಬದಿಗೆ ಕೂತ ಹೆಂಗಸಿನ ಜಾಗದಲ್ಲಿ ಕೂತು ನೋಡಿ. ನಾನು ಕೂತು ನೋಡಿದ್ದೇನೆ, ಅದೇ ಗ್ಯಾರೇಜಿನಲ್ಲಿ, ಹುಡುಗರು ನಗುತ್ತಿರುವಾಗ. ಎಡ ತಿರುವಿನಲ್ಲಿ ಗಾಡಿ ಎಡಕ್ಕೆ ವಾಲಿದರೆ, ಎಡಕ್ಕೆ ಮುಖ ಮಾಡಿ ಕೂತವಳು ಮುಂದಕ್ಕೆ, ಮುಖ ಅಡಿಯಾಗಿ, ಡಾಂಬರಿನ ಕಡೆಗೆ ಬಾಗುತ್ತಾಳೆ. ಬಲ ತಿರುವಿನಲ್ಲಿ ಕಾಣದ ಕಡೆಗೆ ಬೆನ್ನಡಿಯಾಗಿ ಬಾಗುತ್ತಾಳೆ. ಒತ್ತಿ ಹಿಡಿಯಲು ಗಾಡಿಯನ್ನು ಎರಡು ತೊಡೆಯ ನಡುವೆ ಇಟ್ಟುಕೊಂಡಿಲ್ಲ. ಒಂದು ಕೈಯಲ್ಲಿ ದೇವರ ಚೀಲ. ಇಂಥ ಸ್ಥಿತಿಯಲ್ಲಿ ಹಿಂದಕ್ಕೆ ಸರಿಯದ ಮೈ ಮನುಷ್ಯರದ್ದಲ್ಲ.

ಹಾಗೆ ಕೂರುವುದನ್ನು ಅವ್ವ ಆರಿಸಿಕೊಂಡವಳೂ ಅಲ್ಲ. ಎರಡೂ ಕಡೆ ಕಾಲು ಹಾಕಿ ಕೂತರೆ ಊರು ಏನನ್ನುತ್ತದೆ ಎಂಬುದು ಅವಳು ಗಾಡಿ ಹತ್ತುವ ಎಷ್ಟೋ ಮೊದಲೇ ತೀರ್ಮಾನವಾಗಿತ್ತು. ಮರ್ಯಾದೆಯ ಲೆಕ್ಕದಲ್ಲಿ ಅವಳನ್ನು ವಾಲಲು ಬಾರದ ಹಾಗೆ ಕೂರಿಸಿದೆವು, ಆಮೇಲೆ ವಾಲಲಿಲ್ಲ ಎಂದು ತಪ್ಪು ಹೊರಿಸಿದೆವು. ಅವಳೂ ಅದನ್ನು ಹೊತ್ತುಕೊಂಡಳು. ತಾಯಂದಿರಿಗೆ ಇದು ಎಷ್ಟು ಸುಲಭವಾಗಿ ಬರುತ್ತದೆ ಎಂಬುದನ್ನು ನೆನೆದರೆ ನನಗೆ ಈಗಲೂ ಮುಜುಗರವಾಗುತ್ತದೆ.

ಅವಳು ಮೊದಲು ಅಂಜಿದಳೋ, ಪಟ್ಟಿ ಮೊದಲು ತಾಗಿತೋ? ಮೆಕ್ಯಾನಿಕ್ ಅದನ್ನೂ ಹೇಳಿದ. ಅಂಜದೆ ಕೂತಿದ್ದರೂ ಆ ವೇಗಕ್ಕೆ ಆ ಸ್ಪ್ರಿಂಗಿನಲ್ಲಿ ತಾಗುತ್ತಿತ್ತು. ಅವಳ ಅಂಜಿಕೆ ಸೇರಿಸಿದ್ದು ಒಂದೆರಡು ಡಿಗ್ರಿ ಇರಬಹುದು. ಆದರೆ ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತೇನೆ. ಆ ಒಂದೆರಡು ಡಿಗ್ರಿಯೂ ನನ್ನ ಲೆಕ್ಕಕ್ಕೇ ಬರಬೇಕು. ಹೆಗಲ ಮೇಲಿನ ಕೈ ತಿರುವಿಗೆ ಮುಂಚೆಯೇ ಬಿಗಿಯಾಗಿತ್ತು, ನನಗೆ ಚೆನ್ನಾಗಿ ನೆನಪಿದೆ. ಮೀಟರಿನ ಮುಳ್ಳು ಹೇಳದ್ದನ್ನು ಆ ಬೆರಳುಗಳು ಹೇಳುತ್ತಿದ್ದವು. ಅದನ್ನು ನಾನು ಸುದ್ದಿಯಾಗಿ ತೆಗೆದುಕೊಳ್ಳದೆ ಅವಳ ದೌರ್ಬಲ್ಯ ಎಂದುಕೊಂಡೆ. ನನ್ನ ಜೊತೆ ವಾಲು ಎಂದು ಇನ್ನೊಬ್ಬರನ್ನು ಕೇಳುವ ಮೊದಲು, ವಾಲಿದರೂ ಭಯವಾಗದಷ್ಟು ನಿಧಾನಕ್ಕೆ ಬರುವುದು ನಡೆಸುವವನ ಕೆಲಸ.

ಮಹಾಭಾರತದ ವನಪರ್ವದಲ್ಲಿ ಒಂದು ಪ್ರಸಂಗವಿದೆ, ಪಾಠ ಮಾಡುವಾಗ ನೆನಪಾಗುತ್ತಿರುತ್ತದೆ. ಸಾಲ್ವನ ಜೊತೆಗಿನ ಯುದ್ಧದಲ್ಲಿ ಕೃಷ್ಣನ ಮಗ ಪ್ರದ್ಯುಮ್ನ ಪೆಟ್ಟು ತಿಂದು ರಥದ ಮೇಲೆ ಮೂರ್ಛೆ ಹೋಗುತ್ತಾನೆ. ಅವನ ಸಾರಥಿ ದಾರುಕನ ಮಗ. ಅವನು ರಥವನ್ನು ರಣರಂಗದಿಂದ ಹೊರಗೆ ಒಯ್ಯುತ್ತಾನೆ. ಎಚ್ಚರವಾದ ಪ್ರದ್ಯುಮ್ನನಿಗೆ ಅವಮಾನ, ಸಿಟ್ಟು. ರಥಿ ಮೈಮರೆತಾಗ ಅವನನ್ನು ಕಾಯುವುದೇ ಸಾರಥಿಯ ಧರ್ಮ ಎಂದು ಸಾರಥಿ ಉತ್ತರ ಕೊಡುತ್ತಾನೆ. ರಥದಲ್ಲಿ ಯಜಮಾನ ಹಿಂದೆ ಇರುವವನು. ಲಗಾಮು ಹಿಡಿದವನು ಅವನ ಸೇವಕ. ಆದರೂ ಹಿಂದಿರುವವನಿಗೆ ನೋಡಲಾಗದಿದ್ದಾಗ, ಹೇಳಲಾಗದಿದ್ದಾಗ, ಅವನ ಪರವಾಗಿ ನೋಡುವ ಹೊಣೆ ಲಗಾಮಿನ ಜೊತೆಗೇ ಬರುತ್ತದೆ. ಬೈಕಿನಲ್ಲಿ ನಾವು ಇದನ್ನು ತಲೆಕೆಳಗು ಮಾಡಿದ್ದೇವೆ. ಲಗಾಮು ಹಿಡಿದವನೇ ಯಜಮಾನ. ಹಿಂದೆ ಕೂತವರು ಅವನ ಉಪಕಾರದ ಮೇಲೆ ಬಂದವರು, ಅವನ ಹುಮ್ಮಸ್ಸಿಗೆ ಹೊಂದಿಕೊಳ್ಳಬೇಕಾದವರು.

ಕಾನೂನಿಗೂ ಈ ಹಿಂದೆ ಕೂತವರನ್ನು ಎಲ್ಲಿ ಇಡಬೇಕೆಂದು ಪೂರ್ತಿ ತಿಳಿದಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 128ನೇ ಕಲಮು, ಚಾಲಕನಲ್ಲದೆ ಒಬ್ಬರೇ ಕೂರಬೇಕು, ಗಟ್ಟಿಯಾಗಿ ಬಿಗಿದ ಸೀಟಿನ ಮೇಲೆ ಕೂರಬೇಕು ಅನ್ನುತ್ತದೆ. ಯಾವ ಕಡೆಗೆ ಮುಖ ಮಾಡಿ ಎಂದು ಹೇಳುವುದಿಲ್ಲ. 1989ರ ಕೇಂದ್ರ ನಿಯಮಗಳ 123ನೆಯದು ಹಿಡಿಕೆ, ಫುಟ್‌ರೆಸ್ಟು, ಹಿಂದಿನ ಗಾಲಿಯ ಅರ್ಧದಷ್ಟನ್ನಾದರೂ ಮುಚ್ಚುವ ಗಾರ್ಡು ಇರಬೇಕು ಅನ್ನುತ್ತದೆ. ಬಟ್ಟೆ ಗಾಲಿಗೆ ಸಿಕ್ಕಬಾರದಲ್ಲ, ಅದಕ್ಕೆ. ಸೀರೆಯ ಬಗ್ಗೆ ಯೋಚಿಸಿದೆ, ಬೆರಳಿನವರೆಗೆ ಬಂದಿಲ್ಲ. ಹಿಂದೆ ಕೂತವರಿಗೂ ಹೆಲ್ಮೆಟ್ಟು ಬೇಕೆಂದು ಕರ್ನಾಟಕದಲ್ಲಿ ಬಿಗಿ ಮಾಡಿದ್ದು 2016ರ ಜನವರಿಯಲ್ಲಿ. ಇನ್ನು ವಿಮೆ. ದುಡ್ಡು ಕೊಡದೆ ಹಿಂದೆ ಕೂತು ಹೋಗುವವರು ಕಡ್ಡಾಯ ವಿಮೆಯ ಮಟ್ಟಿಗೆ 'ಮೂರನೆಯ ವ್ಯಕ್ತಿ' ಆಗುವುದಿಲ್ಲ ಎಂದು 2006ರಲ್ಲಿ ತಿಲಕ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಂದರೆ ನನ್ನ ಗಾಡಿ ದಾರಿಹೋಕನಿಗೆ ಬಡಿದರೆ ಅವನಿಗೆ ಪರಿಹಾರ ಇದೆ. ಅದೇ ಪಾಲಿಸಿಯಲ್ಲಿ, ಬೇರೆ ಹಣ ಕಟ್ಟಿ ಸೇರಿಸದಿದ್ದರೆ, ನನ್ನ ಹೆಗಲು ಹಿಡಿದು ಕೂತ ಅವ್ವನಿಗೆ ಇಲ್ಲ. ನಮ್ಮ ಕಡೆ ಎಷ್ಟೋ ಗಾಡಿಗಳು ಬರೀ ಆ ಕಡ್ಡಾಯ ವಿಮೆಯ ಮೇಲೇ ಓಡುತ್ತವೆ. ನನ್ನದೂ ಹಾಗೇ ಓಡುತ್ತಿತ್ತು, ಆ ಬೆಳಿಗ್ಗೆಯೂ.

ತ್ರಿಬಲ್ ಸೀಟಿನ ವಿಷಯದಲ್ಲಿ ನನ್ನ ನ್ಯಾಯ ಅಷ್ಟು ಖಡಕ್ಕಾಗಿಲ್ಲ. ಬಸ್ಸು ಬಾರದ ಹಳ್ಳಿಯಿಂದ ಜ್ವರದ ಮಗುವನ್ನು ನಡುವೆ ಇಟ್ಟುಕೊಂಡು ಗಂಡ ಹೆಂಡತಿ ದವಾಖಾನೆಗೆ ಹೊರಟರೆ, ಅವರಿಗೆ ಸ್ಪ್ರಿಂಗಿನ ಮೆಟ್ಟಿಲಿನ ಬಗ್ಗೆ ಉಪದೇಶ ಮಾಡುವ ಧೈರ್ಯ ನನಗಿಲ್ಲ. ಮೂವರು ಕೂತಿದ್ದರು ಎಂಬ ಒಂದೇ ಕಾರಣಕ್ಕೆ ಹಿಂದೆ ಕೂತು ಸತ್ತವನನ್ನೂ ತಪ್ಪಿನಲ್ಲಿ ಪಾಲುದಾರ ಎಂದು ಹಿಡಿಯಲಾಗದು ಎಂದು ಸುಪ್ರೀಂ ಕೋರ್ಟೇ 2020ರಲ್ಲಿ ಹೇಳಿದೆ. ಬಡವರಿಗೆ ಅಪಾಯ ಎಷ್ಟೋ ಸಲ ಆಯ್ಕೆ ಅಲ್ಲ. ಆದರೆ ವೇಗ ಆಯ್ಕೆ. ಮೂವರನ್ನು ಹೊತ್ತವನು ಇಪ್ಪತ್ತೈದರಲ್ಲಿ ಹೋದರೆ ಅವನು ನನಗಿಂತ ಮೇಲು. ನನಗೆ ಆ ದಿನ ಯಾವ ಅವಸರವೂ ಇರಲಿಲ್ಲ. ಭಾಗಮ್ಮ ಎಲ್ಲಿಗೂ ಹೋಗುತ್ತಿರಲಿಲ್ಲ.

ನಮ್ಮ ರಸ್ತೆಗಳೂ ಜಾಗ ಬಿಟ್ಟುಕೊಡುವ ರಸ್ತೆಗಳಲ್ಲ. ಸುಗ್ಗಿಯಲ್ಲಿ ಡಾಂಬರಿನ ಮೇಲೆ ತೊಗರಿ ಹಾಸಿರುತ್ತಾರೆ, ಗಾಡಿಗಳು ತುಳಿದು ರಾಶಿಯಾಗಲಿ ಎಂದು. ಒಣ ಕಟ್ಟಿಗೆಯ ಮೇಲೆ ವಾಲಿದ ಗಾಲಿ ಸಾಬೂನಿನ ಮೇಲೆ ಇಟ್ಟ ಕಾಲು. ಕಬ್ಬಿನ ಟ್ರ್ಯಾಕ್ಟರು ತಿರುವಿನಲ್ಲೇ ಜಲ್ಲೆ ಉದುರಿಸುತ್ತದೆ, ಮಳೆಗಾಲದಲ್ಲಿ ಹೊಲದಿಂದ ಹತ್ತಿದ ಟ್ರ್ಯಾಕ್ಟರಿನ ಗಾಲಿ ಎರಿ ಮಣ್ಣು ಮೆತ್ತಿಟ್ಟು ಹೋಗುತ್ತದೆ. ನೆಲಕ್ಕೂ ಗಾಡಿಗೂ ನಡುವಿನ ಗೇಣನ್ನು ಪೂರ್ತಿ ಬಳಸಿ ತಿರುಗುವವನಿಗೆ ಇಂಥದ್ದು ಕಂಡ ಮೇಲೆ ಮಾಡಲು ಏನೂ ಉಳಿದಿರುವುದಿಲ್ಲ.

2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಓಣಿಯ ಹೆಂಗಸರು ಅಮಾವಾಸ್ಯೆಗೆ ಬಸ್ಸಿಗೇ ಹೋಗುತ್ತಾರೆ. ನೂಕುನುಗ್ಗಲು ಎಂದು ಗೊಣಗುತ್ತಾರೆ, ಹೋಗುತ್ತಾರೆ. ಯಾವ ಗಂಡಸಿನ ಹಿಂದೆಯೂ ಕೂರಬೇಕಾಗಿಲ್ಲ ಎಂಬುದರ ಸುಖ ಟಿಕೆಟ್ಟಿನ ದುಡ್ಡಿಗಿಂತ ದೊಡ್ಡದು ಎಂದು ನನಗೆ ಅನ್ನಿಸಿದ್ದುಂಟು.

ಮಗಳು ಈಗ ಕಲಬುರಗಿಯಲ್ಲಿ ಓದುತ್ತಾಳೆ, ಸ್ಕೂಟಿ ಓಡಿಸುತ್ತಾಳೆ. ಹೋದ ವರ್ಷ ಮೊದಲ ಬಾರಿಗೆ ಅವಳ ಹಿಂದೆ ಕೂತೆ, ಬಸ್‌ಸ್ಟ್ಯಾಂಡಿನಿಂದ ಅವಳ ಹಾಸ್ಟೆಲ್ಲಿನವರೆಗೆ. ದಾರಿ ಕಾಣಲಿಲ್ಲ, ಅವಳ ಹೆಲ್ಮೆಟ್ಟು ಕಾಣುತ್ತಿತ್ತು. ಒಂದು ಸರ್ಕಲ್ಲಿನಲ್ಲಿ ಅವಳು ಬಲಕ್ಕೆ ವಾಲಿದಾಗ ನನ್ನ ಮೈ ತಾನಾಗಿ ಎಡಕ್ಕೆ ಸರಿಯಿತು. ಸೂತ್ರ ಗೊತ್ತಿದ್ದ ಮೈ. "ಅಪ್ಪಾ, ಸುಮ್ನ ಕೂಡು" ಅಂದಳು. ಅಂದು ವೇಗ ಇಳಿಸಿದಳು. ಇಳಿಸಿ ಎಂದು ನಾನು ಹೇಳಿರಲಿಲ್ಲ. ನನ್ನ ಕೈ ಅವಳ ಹೆಗಲನ್ನು ಎಷ್ಟು ಬಿಗಿ ಹಿಡಿದಿತ್ತೋ.

ಆ ಸಲ ಊರಿಗೆ ಮರಳಿದ ಮೇಲೆ ಅವ್ವನಿಗೆ ಎಲ್ಲ ಹೇಳಿದೆ. ಬಳೆ, ಪಟ್ಟಿ, ಐವತ್ತರ ವೇಗ, ತಪ್ಪು ಅವಳದ್ದಲ್ಲ ಎಂಬುದು, ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಗೊತ್ತಿದ್ದೂ ನಾನು ಸುಮ್ಮನಿದ್ದದ್ದು. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತಿ ಸ್ವಲ್ಪ ಹೊತ್ತು ಯೋಚಿಸಿದಳು. ತಿರುವು ಅವಳಿಗೆ ನೆನಪಿರಲಿಲ್ಲ. ಉಗುರು ಹೋದದ್ದು ನೆನಪಿತ್ತು, ಅದು ಹೊಲದಲ್ಲಿ ಕಲ್ಲು ಎಡವಿ ಅಂದುಕೊಂಡಿದ್ದಳು. "ಅವತ್ತ ನೀ ಏನೂ ಉಣಲಾರ್ದೆ ಬಂದಿದ್ದಿ ನೋಡು," ಅಂದಳು, "ಗುಡಿ ಮುಂದ ಬುತ್ತಿ ಬಿಚ್ಚಿ ಕೊಟ್ರೂ ಒಲ್ಲೆ ಅಂದಿ." ಮತ್ತೆ ಜೋಳಕ್ಕೆ ಕೈ ಹಾಕಿದಳು. ನಾನು ಪಕ್ಕದಲ್ಲಿ ಕೂತು ಕಲ್ಲು ಆರಿಸತೊಡಗಿದೆ.